ಲಂಡನ್ನಿನ ಮೊದಲ ದಿನಕ್ಕೆ ಊರ ಕೆಂಪು ಬಸ್ಸೇ ಸಾಕು

ಲಂಡನ್ನಿಗೆ ಹೊರಟ ದಂಪತಿಗಳಲ್ಲಿ ವೀಸಾ ಕೈಗೆ ಬಂದ ಕೂಡಲೇ ಬೇಕಾದಲ್ಲಿ ಇಳಿದು ಮತ್ತೆ ಹತ್ತಬಹುದಾದ ‘ಹಾಪ್ ಆನ್ ಹಾಪ್ ಆಫ್’ ಪ್ರವಾಸಿ ಬಸ್ಸಿನ ಟಿಕೆಟ್ ಕೊಂಡಿಟ್ಟುಕೊಳ್ಳುವವರು ಬಹಳ. ಒಬ್ಬರಿಗೆ ಮೂವತ್ತು ಪೌಂಡಿನ ಮೇಲೆಯೇ ಆಗುತ್ತದೆ, ಇಬ್ಬರಿಗೆ ಲೆಕ್ಕ ಹಾಕಿ. ಆ ಬಸ್ಸು ಓಡುವ ಮುಖ್ಯ ರಸ್ತೆಗಳಲ್ಲೇ ನಗರದ ಸಾರಿಗೆ ಸಂಸ್ಥೆಯಾದ ಟ್ರಾನ್ಸ್‌ಪೋರ್ಟ್ ಫಾರ್ ಲಂಡನ್‌ನ ಸಾಮಾನ್ಯ ಕೆಂಪು ಡಬಲ್ ಡೆಕ್ಕರ್‌ಗಳೂ ಓಡುತ್ತವೆ. 2025ರ ದರದಲ್ಲಿ ಒಂದು ಸಲ ಹತ್ತಿದರೆ 1.75 ಪೌಂಡ್. ದಿನವಿಡೀ ಬಸ್ಸಿನಲ್ಲೇ ಓಡಾಡಿದರೂ ಒಬ್ಬರಿಂದ 5.25 ಪೌಂಡಿಗಿಂತ ಹೆಚ್ಚು ಮುರಿಯುವುದಿಲ್ಲ. ಇಬ್ಬರಿಗೆ ಹತ್ತೂವರೆ ಪೌಂಡಿನಲ್ಲಿ ಊರಿನ ಮುಖ್ಯ ಜಾಗಗಳನ್ನೆಲ್ಲ ಮೇಲಂತಸ್ತಿನ ಮುಂದಿನ ಸೀಟಿನಿಂದ ನೋಡಬಹುದು. ಮೊದಲ ದಿನಕ್ಕೆ ಇದಕ್ಕಿಂತ ಒಳ್ಳೆಯ ಸೇವೆ ಆ ಊರಲ್ಲಿ ಇಲ್ಲ. ಆದರೆ ಕಾರ್ಡಿನ ವಿಷಯ ಮತ್ತು ಮಾರ್ಗದ ನಂಬರು, ಇವೆರಡನ್ನೂ ಸರಿಯಾಗಿ ತಿಳಿದುಕೊಂಡು ಹೋಗಬೇಕು.

ಮೊದಲು ಕಾರ್ಡು. ಲಂಡನ್ ಬಸ್ಸುಗಳಲ್ಲಿ 2014ರಿಂದ ನಗದು ತೆಗೆದುಕೊಳ್ಳುವುದಿಲ್ಲ, ಕಂಡಕ್ಟರ್ ಇರುವುದಿಲ್ಲ. ಡ್ರೈವರ್ ಪಕ್ಕದ ಹಳದಿ ಯಂತ್ರಕ್ಕೆ ಕಾಂಟ್ಯಾಕ್ಟ್‌ಲೆಸ್ ಕಾರ್ಡ್ ಮುಟ್ಟಿಸಿದರೆ ಮುಗಿಯಿತು. ವೀಸಾ, ಮಾಸ್ಟರ್‌ಕಾರ್ಡ್, ಅಮೆರಿಕನ್ ಎಕ್ಸ್‌ಪ್ರೆಸ್ ನಡೆಯುತ್ತವೆ. ರುಪೇ ನಡೆಯುವುದಿಲ್ಲ, ಯುಪಿಐ ಕೂಡ ಇಲ್ಲ. ನಮ್ಮವರ ಕಾರ್ಡುಗಳು ಯಂತ್ರದ ಮುಂದೆ ಕೆಂಪು ದೀಪ ತೋರಿಸುವುದಕ್ಕೆ ಸಾಮಾನ್ಯ ಕಾರಣ ಕಾರ್ಡಿನಲ್ಲಿ ಹಣ ಇಲ್ಲದಿರುವುದಲ್ಲ. ರಿಸರ್ವ್ ಬ್ಯಾಂಕಿನ 2020ರ ನಿಯಮದ ಪ್ರಕಾರ ಹೊಸ ಕಾರ್ಡುಗಳು ದೇಶದೊಳಗಿನ ಬಳಕೆಗೆ ಮಾತ್ರ ತೆರೆದಿರುತ್ತವೆ. ವಿದೇಶದ ಬಳಕೆಯನ್ನೂ ಕಾಂಟ್ಯಾಕ್ಟ್‌ಲೆಸ್ ಬಳಕೆಯನ್ನೂ ನಾವೇ ಬೇರೆ ಬೇರೆಯಾಗಿ ಚಾಲೂ ಮಾಡಬೇಕು. ಬ್ಯಾಂಕಿನ ಆ್ಯಪ್‌ನಲ್ಲಿ ಎರಡೂ ಸ್ವಿಚ್ ಇರುತ್ತವೆ. ಅಂತರರಾಷ್ಟ್ರೀಯ ಬಳಕೆ ಮಾತ್ರ ಒತ್ತಿ ಕಾಂಟ್ಯಾಕ್ಟ್‌ಲೆಸ್ ಮರೆತರೆ ಅದೇ ಕಾರ್ಡು ಅಂಗಡಿಯಲ್ಲಿ ಪಿನ್ ಹಾಕಿದರೆ ನಡೆಯುತ್ತದೆ, ಬಸ್ಸಿನಲ್ಲಿ ನಡೆಯುವುದಿಲ್ಲ. ಈ ಕೆಲಸ ಊರು ಬಿಡುವ ಮುಂಚೆ ಆಗಬೇಕು, ಏಕೆಂದರೆ ಅಲ್ಲಿ ಹೋದ ಮೇಲೆ ಒಟಿಪಿ ಬರುವ ಸಿಮ್ ಸುಮ್ಮನಿದ್ದರೆ ಆ್ಯಪ್ ತೆರೆಯುವುದೇ ಕಷ್ಟ.

ಇಬ್ಬರಿಗೆ ಎರಡು ಕಾರ್ಡು ಬೇಕೇ ಬೇಕು. ಗಂಡ ಒಮ್ಮೆ ಮುಟ್ಟಿಸಿ, ಅದೇ ಕಾರ್ಡನ್ನು ಹೆಂಡತಿಗಾಗಿ ಇನ್ನೊಮ್ಮೆ ಮುಟ್ಟಿಸಿದರೆ ಯಂತ್ರ ಒಪ್ಪುವುದಿಲ್ಲ. ಒಂದೇ ಖಾತೆಯ ಆ್ಯಡ್ ಆನ್ ಕಾರ್ಡ್ ಆದರೂ ಸರಿ, ನಂಬರು ಬೇರೆಯಿದ್ದರೆ ಸಾಕು. ಬೆಳಿಗ್ಗೆ ಯಾವ ಕಾರ್ಡು ಮುಟ್ಟಿಸಿದಿರೋ ರಾತ್ರಿಯವರೆಗೂ ಅದನ್ನೇ ಮುಟ್ಟಿಸಬೇಕು. ಮಧ್ಯೆ ಬದಲಾಯಿಸಿದರೆ, ಅಥವಾ ಕಾರ್ಡು ಬಿಟ್ಟು ಅದನ್ನೇ ಫೋನಿನಲ್ಲಿ ಬಳಸಿದರೆ, ಯಂತ್ರಕ್ಕೆ ನೀವು ಬೇರೆ ಪ್ರಯಾಣಿಕರು. ದಿನದ ಮಿತಿ ಮತ್ತೆ ಸೊನ್ನೆಯಿಂದ ಶುರುವಾಗುತ್ತದೆ. ಈ ‘ದಿನ’ ಬೆಳಗಿನ ಜಾವ 4:30ಕ್ಕೆ ಆರಂಭವಾಗಿ ಮರುದಿನ 4:29ಕ್ಕೆ ಮುಗಿಯುತ್ತದೆ. ಇಡೀ ದಿನದ ಪ್ರಯಾಣವನ್ನು ಕೂಡಿಸಿ ಒಟ್ಟಿಗೇ ಮುರಿದುಕೊಳ್ಳುವುದರಿಂದ ಬ್ಯಾಂಕಿನ ವಿದೇಶಿ ವಿನಿಮಯ ಶುಲ್ಕ ಆ ಮೊತ್ತದ ಮೇಲಷ್ಟೇ ಬೀಳುತ್ತದೆ. ಆಯ್‌ಸ್ಟರ್ ಕಾರ್ಡಿಗೆ (ಮೊದಲೇ ಹಣ ತುಂಬಿಸಿ ಬಳಸುವ ಅಲ್ಲಿನ ಸಾರಿಗೆ ಕಾರ್ಡು) ಮರಳಿ ಸಿಗದ ಶುಲ್ಕ ಕೊಡಬೇಕು, ಬಸ್ಸಿನ ದರ ಮಾತ್ರ ಎರಡಕ್ಕೂ ಒಂದೇ. ಕಾಂಟ್ಯಾಕ್ಟ್‌ಲೆಸ್ ಕಾರ್ಡು ಇದ್ದವರಿಗೆ ಅದರ ಅಗತ್ಯ ಕಾಣುವುದಿಲ್ಲ.

ಇನ್ನೊಂದು ಸೌಲಭ್ಯ ಹಾಪರ್. ಮೊದಲ ಬಸ್ಸಿಗೆ ಮುಟ್ಟಿಸಿದ ಹೊತ್ತಿನಿಂದ ಒಂದು ಗಂಟೆಯೊಳಗೆ ಎಷ್ಟು ಬಸ್ಸು ಹತ್ತಿದರೂ ಅದೇ 1.75ರಲ್ಲಿ ಸೇರುತ್ತದೆ. ಕೊನೆಯ ಬಸ್ಸಿನಿಂದ ಯಾವಾಗ ಇಳಿದಿರಿ ಎಂಬುದು ಲೆಕ್ಕಕ್ಕಿಲ್ಲ, ಹತ್ತಿದ ಹೊತ್ತು ಮಾತ್ರ ಲೆಕ್ಕ. ಬಸ್ಸಿನಲ್ಲಿ ಹತ್ತುವಾಗ ಮಾತ್ರ ಮುಟ್ಟಿಸುವುದು, ಇಳಿಯುವಾಗ ಬೇಡ. ಭೂಗತ ರೈಲಿನಲ್ಲಿ ಹತ್ತುವಾಗಲೂ ಇಳಿಯುವಾಗಲೂ ಮುಟ್ಟಿಸಬೇಕು, ಒಂದನ್ನು ಮರೆತರೆ ಗರಿಷ್ಠ ದರ ಬೀಳುತ್ತದೆ. ಮೊದಲ ದಿನ ನಿದ್ದೆಗಣ್ಣಿನಲ್ಲಿ ಓಡಾಡುವವರಿಗೆ ಬಸ್ಸು ಸಲೀಸು ಎನ್ನುವುದಕ್ಕೆ ಇದೂ ಒಂದು ಕಾರಣ.

ಈಗ ಮಾರ್ಗ. ಹಳೆಯ ಪ್ರವಾಸ ಬರಹಗಳೆಲ್ಲ 11ನೇ ನಂಬರಿನ ಬಸ್ಸನ್ನು ಹೊಗಳುತ್ತವೆ. ಆದರೆ 2023ರಿಂದ 11 ಸೇಂಟ್ ಪಾಲ್ಸ್ ಕ್ಯಾಥೆಡ್ರಲ್ ಕಡೆ ಹೋಗುವುದಿಲ್ಲ, ವೆಸ್ಟ್‌ಮಿನ್‌ಸ್ಟರ್ ಸೇತುವೆ ದಾಟಿ ವಾಟರ್‌ಲೂಗೆ ತಿರುಗುತ್ತದೆ. ಅದರ ಹಳೆಯ ದಾರಿಯನ್ನು ಈಗ 26 ಹಿಡಿದಿದೆ: ವಿಕ್ಟೋರಿಯಾ, ವೆಸ್ಟ್‌ಮಿನ್‌ಸ್ಟರ್ ಅಬೆ, ಪಾರ್ಲಿಮೆಂಟ್ ಸ್ಕ್ವೇರ್, ವೈಟ್‌ಹಾಲ್, ಟ್ರಫಾಲ್ಗರ್ ಸ್ಕ್ವೇರ್, ಸ್ಟ್ರಾಂಡ್, ಫ್ಲೀಟ್ ಸ್ಟ್ರೀಟ್, ಸೇಂಟ್ ಪಾಲ್ಸ್. ಟ್ರಫಾಲ್ಗರ್ ಸ್ಕ್ವೇರ್‌ನಿಂದ ಟವರ್ ಆಫ್ ಲಂಡನ್ ಕೋಟೆಯವರೆಗೆ 15. ಈ ಎರಡು ನಂಬರು ನೆನಪಿದ್ದರೆ ದಿನದ ಬೆನ್ನೆಲುಬು ಸಿಕ್ಕಂತೆ.

ಬೆಳಿಗ್ಗೆ ಹತ್ತರ ಹೊತ್ತಿಗೆ, ಕಚೇರಿಗೆ ಹೋಗುವವರ ನೂಕುನುಗ್ಗಲು ಇಳಿದ ಮೇಲೆ, ವಿಕ್ಟೋರಿಯಾದಲ್ಲಿ 26 ಹತ್ತಿ. ನಿಲ್ದಾಣದ ಕಂಬದ ಮೇಲೆ ಸಾಮಾನ್ಯವಾಗಿ ಇಂಗ್ಲಿಷ್ ಅಕ್ಷರ ಇರುತ್ತದೆ. ಒಂದೇ ಹೆಸರಿನ ನಾಲ್ಕೈದು ನಿಲ್ದಾಣಗಳಿರುವುದರಿಂದ ಹೆಸರಿಗಿಂತ ಆ ಅಕ್ಷರವೇ ಮುಖ್ಯ, ಟ್ರಾನ್ಸ್‌ಪೋರ್ಟ್ ಫಾರ್ ಲಂಡನ್‌ನ ಆ್ಯಪ್ ಅದನ್ನು ತೋರಿಸುತ್ತದೆ. ಬಸ್ಸು ಬರುವಾಗ ಕೈ ಚಾಚಿ, ಮುಂದಿನ ಬಾಗಿಲಲ್ಲಿ ಹತ್ತಿ, ನೇರವಾಗಿ ಮೇಲಕ್ಕೆ ಹೋಗಿ. ಬಸ್ಸು ಓಡುತ್ತಿರುವಾಗ ಮೆಟ್ಟಿಲ ಮೇಲೆ ಕಂಬಿ ಹಿಡಿದೇ ನಡೆಯಬೇಕು, ಮೇಲೆ ನಿಲ್ಲುವಂತಿಲ್ಲ. ಇಳಿಯಬೇಕಾದ ನಿಲ್ದಾಣಕ್ಕೆ ಮೊದಲೇ ಗುಂಡಿ ಒತ್ತಿ.

ಅಬೆಯ ಬಳಿ ಇಳಿದರೆ ಪಾರ್ಲಿಮೆಂಟ್ ಸ್ಕ್ವೇರ್ ಎದುರಿಗೇ. 2015ರ ಮಾರ್ಚಿನಲ್ಲಿ ನಿಲ್ಲಿಸಿದ ಗಾಂಧೀಜಿಯ ಪ್ರತಿಮೆ ಇಲ್ಲಿದೆ. ಬಿಗ್ ಬೆನ್ ಎಂಬುದು ಒಳಗಿನ ಗಂಟೆಯ ಹೆಸರು, ಗೋಪುರಕ್ಕೆ 2012ರಿಂದ ಎಲಿಜಬೆತ್ ಟವರ್ ಎನ್ನುತ್ತಾರೆ. ವೆಸ್ಟ್‌ಮಿನ್‌ಸ್ಟರ್ ಸೇತುವೆಯ ಮೇಲೆ ಮೂರು ಬಟ್ಟಲು, ಒಂದು ಚೆಂಡು ಇಟ್ಟುಕೊಂಡು ಪಂದ್ಯ ಕಟ್ಟಿಸುವವರು ಇರುತ್ತಾರೆ. ಸುತ್ತ ನಿಂತು ಗೆಲ್ಲುತ್ತಿರುವವರೂ ಅವರ ಗುಂಪಿನವರೇ, ನಿಲ್ಲದೆ ಮುಂದೆ ಹೋಗಿ. ಫೋಟೊ ತೆಗೆಯುವಾಗ ಫೋನನ್ನು ರಸ್ತೆಯ ಅಂಚಿನಲ್ಲಿ ಕೈ ಚಾಚಿ ಹಿಡಿಯಬೇಡಿ. ಬೈಕಿನಲ್ಲಿ ಬಂದು ಕಿತ್ತುಕೊಂಡು ಹೋಗುವುದು ಈ ಊರಿನ ನಿಜವಾದ ತೊಂದರೆ.

ಸೇತುವೆ ದಾಟಿ ಬಲಕ್ಕೆ ಮೆಟ್ಟಿಲಿಳಿದರೆ ಸೇಂಟ್ ಥಾಮಸ್ ಆಸ್ಪತ್ರೆಯ ಪಕ್ಕದ ನದಿದಾರಿ. ಹೆಚ್ಚಿನವರು ಎಡಕ್ಕೆ, ಲಂಡನ್ ಐ ಎಂಬ ದೈತ್ಯ ಚಕ್ರದ ಕಡೆಗೆ ತಿರುಗಿಬಿಡುತ್ತಾರೆ. ಪಾರ್ಲಿಮೆಂಟ್ ಕಟ್ಟಡ ಇಡಿಯಾಗಿ ಕಣ್ಣಿಗೆ ಬೀಳುವುದು ಮಾತ್ರ ಈ ಬಲಗಡೆಯ ದಾರಿಯಿಂದಲೇ. ಜನವೂ ಕಡಿಮೆ, ಇಬ್ಬರೂ ಒಟ್ಟಿಗೆ ಫೋಟೊ ತೆಗೆಸಿಕೊಳ್ಳಲು ಜಾಗವೂ ಉಂಟು. ಪಕ್ಕದ ಉದ್ದನೆಯ ಗೋಡೆಯ ಮೇಲೆ ಕೋವಿಡ್‌ನಲ್ಲಿ ತೀರಿಕೊಂಡವರ ನೆನಪಿಗೆ ಜನ ಕೈಯಾರೆ ಬಿಡಿಸಿದ ಎರಡು ಲಕ್ಷಕ್ಕೂ ಹೆಚ್ಚು ಕೆಂಪು ಹೃದಯಗಳಿವೆ. ಹತ್ತು ಹನ್ನೆರಡು ನಿಮಿಷ ನಡೆದರೆ ಲ್ಯಾಂಬೆತ್ ಸೇತುವೆ. ಇದರ ಬಣ್ಣ ಕೆಂಪು, ಹೌಸ್ ಆಫ್ ಲಾರ್ಡ್ಸ್‌ನ ಆಸನಗಳದು. ವೆಸ್ಟ್‌ಮಿನ್‌ಸ್ಟರ್ ಸೇತುವೆಯ ಹಸಿರು ಹೌಸ್ ಆಫ್ ಕಾಮನ್ಸ್‌ನದು.

ಲ್ಯಾಂಬೆತ್ ಸೇತುವೆಯನ್ನು ಹಾದು ಆಲ್ಬರ್ಟ್ ಎಂಬ್ಯಾಂಕ್‌ಮೆಂಟಿನಲ್ಲಿ ಮುಂದೆ ಹೋದರೆ ನದಿಯ ಬದಿಯ ಉದ್ಯಾನದಲ್ಲಿ ಬಸವಣ್ಣನವರ ಪುತ್ಥಳಿ ಇದೆ. ಲ್ಯಾಂಬೆತ್‌ನ ಮೇಯರ್ ಆಗಿದ್ದ ಕಲಬುರಗಿ ಮೂಲದ ಡಾ. ನೀರಜ್ ಪಾಟೀಲರ ಮುತುವರ್ಜಿಯಿಂದ ಆದ ಕೆಲಸ ಇದು. 2015ರ ನವೆಂಬರ್ 14ರಂದು ಪ್ರಧಾನಿ ನರೇಂದ್ರ ಮೋದಿ ಅನಾವರಣ ಮಾಡಿದರು. ಯಾವ ಪ್ರವಾಸಿ ಬಸ್ಸಿನ ಧ್ವನಿವಿವರಣೆಗಾಗಿಯೂ ಕಾಯದೆ ಕನ್ನಡಿಗರು ತಾವಾಗಿಯೇ ನಡೆದುಹೋಗಿ ನೋಡಬೇಕಾದ ಜಾಗ. ಅನುಭವ ಮಂಟಪ ಕಟ್ಟಿದವರು ನದಿಯಾಚೆಯ ಪಾರ್ಲಿಮೆಂಟಿನ ಸಮೀಪದಲ್ಲೇ ಇರುವುದು ಹೆಮ್ಮೆಯ ಸಂಗತಿ. ಇಲ್ಲಿಂದ ಲ್ಯಾಂಬೆತ್ ಸೇತುವೆ ದಾಟಿ ಮಿಲ್‌ಬ್ಯಾಂಕಿನಲ್ಲಿ 87 ಹತ್ತಿದರೆ ಪಾರ್ಲಿಮೆಂಟ್ ಬಲಕ್ಕೆ ಮತ್ತೆ ಹಾದುಹೋಗುತ್ತದೆ. ವೈಟ್‌ಹಾಲ್‌ನಲ್ಲಿ ಡೌನಿಂಗ್ ಸ್ಟ್ರೀಟ್ ಗೇಟೂ ಕುದುರೆ ಸವಾರರ ಕಾವಲಿರುವ ಹಾರ್ಸ್ ಗಾರ್ಡ್ಸೂ ಎಡಕ್ಕೆ ಬರುತ್ತವೆ, ಹಾಗಾಗಿ ಎಡಗಡೆಯ ಮುಂದಿನ ಸೀಟು ಹಿಡಿಯಿರಿ. ಬಕಿಂಗ್‌ಹ್ಯಾಮ್ ಅರಮನೆಯ ಕಾವಲು ಬದಲಾವಣೆಗೆ ಮೊದಲ ದಿನ ಹೋಗಬೇಡಿ. ಹನ್ನೊಂದರ ಕಾರ್ಯಕ್ರಮಕ್ಕೆ ಬಹಳ ಮುಂಚೆಯೇ ಹೋಗಿ ನಿಲ್ಲಬೇಕು, ಎಲ್ಲ ದಿನವೂ ಇರುವುದಿಲ್ಲ, ಅರ್ಧ ದಿನ ಅಲ್ಲೇ ಕರಗುತ್ತದೆ.

ಟ್ರಫಾಲ್ಗರ್ ಸ್ಕ್ವೇರ್‌ನಲ್ಲಿ ಇಳಿದರೆ ನ್ಯಾಷನಲ್ ಗ್ಯಾಲರಿ. ಪ್ರವೇಶ ಉಚಿತ, ಬೆಳಿಗ್ಗೆ 10ರಿಂದ ಸಂಜೆ 6ರವರೆಗೆ, ಶುಕ್ರವಾರ ರಾತ್ರಿ 9ರವರೆಗೆ. ಶುಚಿಯಾದ ಉಚಿತ ಶೌಚಾಲಯ, ಕೂರಲು ಬೆಂಚು, ಚಳಿಯಲ್ಲಿ ಬೆಚ್ಚಗಿನ ಜಾಗ ಎಲ್ಲ ಒಂದೇ ಕಡೆ ಸಿಗುತ್ತವೆ. ವ್ಯಾನ್ ಗೋನ ಸೂರ್ಯಕಾಂತಿಗಳು ಇಲ್ಲಿವೆ. ಒಂದು ಗಂಟೆ ಸಾಕು, ಎಲ್ಲವನ್ನೂ ನೋಡುವ ದಿನ ಇದಲ್ಲ.

ಊಟದ ವಿಷಯದಲ್ಲೂ ಹಳೆಯ ಬರಹಗಳು ದಾರಿ ತಪ್ಪಿಸುತ್ತವೆ. ಸ್ಟ್ರಾಂಡ್‌ನ ಇಂಡಿಯಾ ಕ್ಲಬ್‌ಗೆ ಹೋಗಿ ದೋಸೆ ತಿನ್ನಿ ಎಂದು ಈಗಲೂ ಓದಲು ಸಿಗುತ್ತದೆ, ಅದು 2023ರ ಸೆಪ್ಟೆಂಬರಿನಲ್ಲಿ ಮುಚ್ಚಿತು. ಮಧ್ಯಾಹ್ನಕ್ಕೆ ಸೂಪರ್ ಮಾರ್ಕೆಟ್‌ಗಳ ‘ಮೀಲ್ ಡೀಲ್’ ಒಳ್ಳೆಯದು: ಒಂದು ಸ್ಯಾಂಡ್‌ವಿಚ್ ಅಥವಾ ಪಾಸ್ತಾ, ಒಂದು ತಿಂಡಿ, ಒಂದು ಪಾನೀಯ, ಸುಮಾರು ನಾಲ್ಕು ಪೌಂಡ್. ಸಸ್ಯಾಹಾರಿಗಳು ನಮ್ಮ ಹಸಿರು ಚುಕ್ಕೆಯನ್ನು ಹುಡುಕಬೇಡಿ, ಅಲ್ಲಿ ಅದಿಲ್ಲ. ಪೊಟ್ಟಣದ ಮೇಲೆ ವೆಜಿಟೇರಿಯನ್ ಅಥವಾ ವೀಗನ್ ಎಂದು ಬರೆದಿದೆಯೇ ಎಂದು ನೋಡಬೇಕು. ಕೆಲವು ಚೀಸ್‌ಗಳಿಗೆ ಹಾಲನ್ನು ಗಟ್ಟಿಯಾಗಿಸಲು ಪ್ರಾಣಿಜನ್ಯ ರೆನೆಟ್ ಹಾಕಿರುತ್ತಾರೆ, ಆದ್ದರಿಂದ ‘ಬರೀ ಚೀಸ್ ತಾನೇ’ ಎಂದು ತೆಗೆದುಕೊಳ್ಳುವುದು ಸರಿಯಲ್ಲ. ನಲ್ಲಿ ನೀರು ಕುಡಿಯಲು ಯೋಗ್ಯ, ಖಾಲಿ ಬಾಟಲಿ ಒಯ್ಯಿರಿ. ರಾತ್ರಿಗೆ ಬಿಸಿಯಾಗಿ ನಮ್ಮ ರುಚಿಯದೇ ಬೇಕೆಂದರೆ ಯೂಸ್ಟನ್ ನಿಲ್ದಾಣದ ಹತ್ತಿರದ ಡ್ರಮಂಡ್ ಸ್ಟ್ರೀಟ್ ಭಾರತೀಯ ಸಸ್ಯಾಹಾರಿ ಹೋಟೆಲುಗಳಿಗೆ ಬಹುಕಾಲದಿಂದ ಹೆಸರಾದ ಬೀದಿ.

ಎರಡೂವರೆಯ ಸುಮಾರಿಗೆ 15 ಹಿಡಿದು ಟವರ್ ಕಡೆಗೆ. ಸೇಂಟ್ ಪಾಲ್ಸ್ ಎಡಕ್ಕೆ ಬರುತ್ತದೆ. ಲಡ್‌ಗೇಟ್ ಹಿಲ್ ಏರುವಾಗ ಗುಮ್ಮಟ ನೇರ ಎದುರಿಗೆ ಎದ್ದು ಬರುವ ಆ ಒಂದು ನಿಮಿಷಕ್ಕಾಗಿಯೇ ಮೇಲಂತಸ್ತಿನ ಮುಂದಿನ ಸೀಟು ಬೇಕು. ಟವರ್ ಒಳಗೆ ಈ ದಿನ ಹೋಗಬೇಡಿ. ಕೊಹಿನೂರ್ ಕೂರಿಸಿದ ಕಿರೀಟವೂ ಸೇರಿ ಅಲ್ಲಿ ನೋಡಲು ಮೂರು ಗಂಟೆಯಾದರೂ ಬೇಕು, ಟಿಕೆಟ್ ದುಬಾರಿ, ಅರೆನಿದ್ದೆಯಲ್ಲಿ ಹೋದರೆ ಹಣ ದಂಡ. ಹೊರಗಿನಿಂದ ಕೋಟೆ ನೋಡಿ, 1894ರ ಟವರ್ ಬ್ರಿಜ್ ಮೇಲೆ ನಡೆದು ಬನ್ನಿ, ಕಾಲುದಾರಿಗೆ ಹಣವಿಲ್ಲ. ಹಡಗಿಗಾಗಿ ಸೇತುವೆ ತೆರೆಯುವ ವೇಳಾಪಟ್ಟಿ ಸೇತುವೆಯದೇ ಜಾಲತಾಣದಲ್ಲಿ ಸಿಗುತ್ತದೆ.

ನಾಲ್ಕೂಕಾಲಿಗೆ ಮತ್ತೆ 15ರಲ್ಲಿ ಹಿಂದಕ್ಕೆ ಬಂದು ಸೇಂಟ್ ಪಾಲ್ಸ್‌ನಲ್ಲಿ ಇಳಿಯಿರಿ. ವಾರದ ದಿನಗಳಲ್ಲಿ ಸಂಜೆ 5ಕ್ಕೆ ಗಾಯನವೃಂದದ ಪ್ರಾರ್ಥನೆ ಇರುತ್ತದೆ. ಪ್ರವಾಸಿಗರಾಗಿ ಒಳಹೋಗಲು ಟಿಕೆಟ್ ಬೇಕು, ಪ್ರಾರ್ಥನೆಗೆ ಬೇಡ. ಫೋಟೊ ತೆಗೆಯುವಂತಿಲ್ಲ, ಮುಗಿಯುವ ತನಕ ಕೂತಿರಬೇಕು. ಆ ಗುಮ್ಮಟದಡಿ ಮುಕ್ಕಾಲು ಗಂಟೆ ಕಾಲಿಗೆ ವಿಶ್ರಾಂತಿ, ಕಿವಿಗೆ ಉತ್ತಮ ಸಂಗೀತ. ಹೊರಬಂದರೆ 26 ನೇರ ವಿಕ್ಟೋರಿಯಾಕ್ಕೆ. ಲೆಕ್ಕ ನೋಡಿ: ಬೆಳಗಿನ 26, ನಂತರದ 87, ಮಧ್ಯಾಹ್ನದ 15, ಮೂರು ಸಲಕ್ಕೆ 5.25 ಮುಗಿದಿರುತ್ತದೆ. ಆಮೇಲಿನ ಎರಡು ಬಸ್ಸಿಗೆ ಒಂದು ಪೆನ್ನಿಯೂ ಇಲ್ಲ.

ಈ ಹೊತ್ತಿಗೆ ನಿಲ್ಲಿಸಲು ಕಾರಣವಿದೆ. ಬೇಸಿಗೆಯಲ್ಲಿ ನಮಗೂ ಲಂಡನ್ನಿಗೂ ನಾಲ್ಕೂವರೆ ಗಂಟೆ ಅಂತರ, ಚಳಿಗಾಲದಲ್ಲಿ ಐದೂವರೆ. ಅಲ್ಲಿ ಸಂಜೆ ಆರು ಎಂದರೆ ದೇಹಕ್ಕೆ ರಾತ್ರಿ ಹತ್ತೂವರೆ ಅಥವಾ ಹನ್ನೊಂದೂವರೆ. ಡಿಸೆಂಬರಿನಲ್ಲಿ ನಾಲ್ಕಕ್ಕೆಲ್ಲ ಕತ್ತಲಾಗುವುದರಿಂದ ಟವರ್ ಬ್ರಿಜ್ ಮೊದಲು, ಗ್ಯಾಲರಿ ಆಮೇಲೆ ಎಂದು ಬದಲಿಸಿಕೊಳ್ಳಬೇಕು.

ಕೊರತೆಗಳೂ ಇವೆ. ಸ್ಟ್ರಾಂಡ್ ಮತ್ತು ಫ್ಲೀಟ್ ಸ್ಟ್ರೀಟ್‌ನಲ್ಲಿ ಬಸ್ಸು ತೆವಳುತ್ತದೆ; ಹೊತ್ತು ನಿಗದಿಯಾದ ಟಿಕೆಟ್ ಕೈಯಲ್ಲಿದ್ದರೆ ಬಸ್ಸನ್ನು ನೆಚ್ಚಬೇಡಿ, ಭೂಗತ ರೈಲು ಹಿಡಿಯಿರಿ. ಶನಿವಾರ ವೈಟ್‌ಹಾಲ್‌ನಲ್ಲಿ ಮೆರವಣಿಗೆಗಳಿದ್ದರೆ ಮಾರ್ಗ ಬದಲಾಗುತ್ತದೆ. ಕೆಲವೊಮ್ಮೆ ದಾರಿಯ ನಡುವೆಯೇ ‘ಈ ಬಸ್ಸು ಇಲ್ಲಿಗೆ ಮುಗಿಯಿತು’ ಎಂಬ ಪ್ರಕಟಣೆ ಬರುತ್ತದೆ, ಇಳಿದು ಹಿಂದಿನಿಂದ ಬರುವ ಬಸ್ಸನ್ನು ಹತ್ತಬೇಕು. ಗಂಟೆಯೊಳಗಾದರೆ ಹಾಪರ್ ಕೈಹಿಡಿಯುತ್ತದೆ. ಮಳೆಯಲ್ಲಿ ಮೇಲಿನ ಗಾಜು ಮಸುಕಾಗಿ ಏನೂ ಕಾಣುವುದಿಲ್ಲ, ಒಂದು ಒಣ ಬಟ್ಟೆ ಚೀಲದಲ್ಲಿರಲಿ. ಥೇಮ್ಸ್ ಕ್ಲಿಪ್ಪರ್ಸ್ ದೋಣಿಗೂ ಅದೇ ಕಾರ್ಡು ನಡೆಯುತ್ತದೆ, ಆದರೆ ಅದರ ದರ ದಿನದ ಮಿತಿಗೆ ಸೇರುವುದಿಲ್ಲ, ಇಳಿಯುವಾಗಲೂ ಮುಟ್ಟಿಸಬೇಕು.

ಮಂಡಿ ನೋವಿನಿಂದ ಮೆಟ್ಟಿಲು ಹತ್ತಲಾಗದವರಿಗೆ ಕೆಳಗಿನ ಸೀಟಿನಿಂದ ಊರು ಅಷ್ಟಾಗಿ ಕಾಣುವುದಿಲ್ಲ. ಪ್ರವಾಸಿ ಬಸ್ಸಿನ ಮೇಲ್ಭಾಗಕ್ಕೂ ಮೆಟ್ಟಿಲೇ ಇರುವುದರಿಂದ ಅಂಥವರಿಗೆ ದೋಣಿಯೇ ಮೇಲು. ಧ್ವನಿವಿವರಣೆ ಬೇಕೇ ಬೇಕು ಎನ್ನುವವರಿಗೆ, ಬಿಸಿಲಿರುವ ಜುಲೈ ದಿನದಲ್ಲಿ, ಪ್ರವಾಸಿ ಬಸ್ಸಿಗೆ ಹಣ ಕೊಡುವುದರಲ್ಲಿ ಅರ್ಥವಿದೆ. ಉಳಿದವರು ಉಳಿಸಿದ ಐವತ್ತು ಪೌಂಡನ್ನು ನಿದ್ದೆ ತಿಳಿದ ಎರಡನೆಯ ದಿನ ಟವರ್ ಟಿಕೆಟಿಗೆ ಹಾಕಲಿ.