‘ಮಸ್ಕಿಗೂ ಆಗುತ್ತೆ, ಪೈಕ್‌ಗೂ ಆಗುತ್ತೆ’ ಅಂತ ಮಾರುವ ರಾಡ್ ಕೊಳ್ಳುವ ಮುಂಚೆ

ಅಮೆರಿಕದ ಮಿನೆಸೋಟ, ವಿಸ್ಕಾನ್ಸಿನ್ ಕಡೆ ಇರುವ ಕನ್ನಡದವರಲ್ಲಿ ಗಾಳದ ಹುಚ್ಚು ಹತ್ತಿಸಿಕೊಂಡವರು ಇದ್ದೀರಿ ಅಂತ ಗೊತ್ತು. ವಾಲ್‌ಐ, ಬಾಸ್ ಹಿಡಿದು ಕೈ ಪಳಗಿದ ಮೇಲೆ ಕಣ್ಣು ಹೋಗುವುದು ಚೂಪು ಹಲ್ಲಿನ ಬೇಟೆಗಾರ ಮೀನಾದ ಪೈಕ್ ಮತ್ತು ಅದೇ ಜಾತಿಯ ಇನ್ನೂ ದೊಡ್ಡ ಮೀನಾದ ಮಸ್ಕಿ ಕಡೆಗೇ. ಮಿನೆಸೋಟದಲ್ಲಿ ಜೂನ್ ಮೊದಲ ಶನಿವಾರ ಮಸ್ಕಿ ಹಿಡಿಯುವ ಕಾಲ ಶುರುವಾಗುತ್ತದೆ. ಆ ಹೊತ್ತಿಗೆ ಅಂಗಡಿಗಳಲ್ಲಿ ‘ಮಸ್ಕಿ-ಪೈಕ್ ಕಾಂಬೋ’ ಎಂಬ ಚೀಟಿ ಹೊತ್ತ ರಾಡ್-ರೀಲ್ (ಗಾಳದ ಕೋಲು, ದಾರ ಸುತ್ತುವ ಗಾಲಿ) ಜೋಡಿಗಳೂ ಕಾಣಿಸುತ್ತವೆ. ಅಂಥದ್ದೊಂದು ನಮ್ಮ ಮನೆಗೆ ಬಂದು ಏನೇನಾಯಿತು ಅಂತ ಬರೆಯುತ್ತಿದ್ದೇನೆ. ದುಡ್ಡು ಹೋಗಿದ್ದು ಇರಲಿ, ಅದರಿಂದ ಒಂದು ದೊಡ್ಡ ಮೀನು ಸತ್ತಿತು. ಆ ಸಂಕಟ ನನಗೆ ಇನ್ನೂ ಹೋಗಿಲ್ಲ.

ಕೊಂಡವನು ನನ್ನ ಹೆಂಡತಿಯ ತಮ್ಮ. ಶ್ರೀರಂಗಪಟ್ಟಣದ ಹುಡುಗ, ಕಾವೇರಿಯಲ್ಲಿ ರಾಗಿ ಹಿಟ್ಟಿನ ಉಂಡೆ ಕಟ್ಟಿ ಗಾಳ ಹಾಕುತ್ತ ಬೆಳೆದವನು. ಅಲ್ಲಿ ಗಾಳ ಬಿಟ್ಟು ಕಾಯುವ ಕೆಲಸ. ಇಲ್ಲಿ ಮಸ್ಕಿಗೆ ಬೆಳಗಿನಿಂದ ಸಂಜೆವರೆಗೆ ಭಾರದ ಲೂರ್ (ಮೀನನ್ನು ಮರುಳು ಮಾಡುವ ನಕಲಿ ಎರೆ) ಎಸೆಯುತ್ತ ಎಳೆಯುತ್ತ ಇರಬೇಕು. ಹತ್ತು ಸಾವಿರ ಎಸೆತಕ್ಕೊಂದು ಮೀನು ಅಂತ ಇಲ್ಲಿಯವರು ಹೇಳುವುದು ಅದಕ್ಕೇ. ಅವನು ಅಂಗಡಿಯಲ್ಲಿ ಕೇಳಿದ್ದು ಇಷ್ಟು: ಎರಡಕ್ಕೂ ಆಗುವ ಒಂದೇ ಸೆಟ್ ಕೊಡಿ. ಕೊಟ್ಟಿದ್ದು 7 ಅಡಿಯ ಮೀಡಿಯಂ-ಹೆವಿ (ನಡುಮಟ್ಟದ ಗಡುಸಿನ) ರಾಡ್, ಅಂಗೈಯಲ್ಲಿ ಅಡಗುವಷ್ಟು ಚಿಕ್ಕ ಬಾಸ್ ರೀಲ್, ಅದಕ್ಕೆ ಮೊದಲೇ ಸುತ್ತಿದ 30 ಪೌಂಡಿನ ಬ್ರೇಡ್ ದಾರ (ಅಷ್ಟು ಎಳೆತ ತಡೆಯುವ, ಎಳೆಗಳನ್ನು ಹೆಣೆದ ದಾರ). ಅದೇ ಕೌಂಟರಿನಲ್ಲಿ, ಅದೇ ಬಿಲ್ಲಿನಲ್ಲಿ, 10ನೇ ನಂಬರಿನ ಜೋಡಿ ಬ್ಲೇಡ್ ಇರುವ ಬಕ್‌ಟೇಲ್‌ಗಳು (ಮುಂದೆ ತಿರುಗುವ ಲೋಹದ ಬಿಲ್ಲೆ, ಹಿಂದೆ ಕೂದಲ ಕುಚ್ಚು ಇರುವ ಲೂರ್) ಮತ್ತು ಅರ್ಧ ಪೌಂಡ್ ತೂಗುವ ಒಂದು ರಬ್ಬರ್ ಮೀನು. ರಾಡಿನ ಹಿಡಿಯ ಮೇಲ್ಗಡೆ ಸಣ್ಣ ಅಕ್ಷರದಲ್ಲಿ ಅಚ್ಚಾಗಿತ್ತು: ಲೂರ್ ತೂಕ ಅರ್ಧದಿಂದ ಒಂದೂವರೆ ಔನ್ಸ್. ರಬ್ಬರ್ ಮೀನು 8 ಔನ್ಸ್. ದಿನವೂ ಇದನ್ನೇ ಮಾರುವವರಿಗೆ ಈ ಲೆಕ್ಕ ಗೊತ್ತಿರಲೇಬೇಕು.

ಮೊದಮೊದಲು ಎಲ್ಲ ಚೆನ್ನಾಗಿಯೇ ಇತ್ತು. ಒಂದು ಔನ್ಸಿನ ಸ್ಪೂನ್ (ಚಮಚದಾಕಾರದ ಲೋಹದ ಲೂರ್) ಕಟ್ಟಿ ಎಸೆದರೆ ಮೂರು ನಾಲ್ಕು ಪೌಂಡಿನ ಪೈಕ್ ಸಲೀಸಾಗಿ ಬರುತ್ತಿದ್ದವು. ಹಾಗಾಗಿಯೇ ಇಂಥ ಸೆಟ್‌ನ ದೋಷ ಬೇಗ ಕಾಣುವುದಿಲ್ಲ. ಬಕ್‌ಟೇಲ್ ಕಟ್ಟಿದ ಮೇಲೆ ನಿಜ ಗೊತ್ತಾಯಿತು. ಆ ಎರಡು ಬ್ಲೇಡ್ ತಿರುಗುವಾಗ ನೀರು ಹಿಂದಕ್ಕೆ ಜಗ್ಗುವ ಜಗ್ಗಾಟ ಬಕ್‌ಟೇಲಿನ ತೂಕಕ್ಕಿಂತ ಎಷ್ಟೋ ಹೆಚ್ಚು. ಚಿಕ್ಕ ರೀಲಿನ ಹಲ್ಲುಚಕ್ರಗಳು ಅದಕ್ಕಾಗಿ ಮಾಡಿದವಲ್ಲ. ಬೇಸಿಗೆ ಅರ್ಧ ಕಳೆಯುವಷ್ಟರಲ್ಲಿ ಹಿಡಿಕೆ ತಿರುಗಿಸಿದರೆ ಒಳಗೆ ಮರಳು ಅರೆದಂತೆ ಸದ್ದು, ಅವನ ಮಣಿಕಟ್ಟಿಗೆ ಊತ.

ಜುಲೈ ತಿಂಗಳ ಒಂದು ಸೆಕೆಯ ಮಧ್ಯಾಹ್ನ ಮಿನೆಸೋಟದ ಮಿಲ್ ಲ್ಯಾಕ್ಸ್ ಕೆರೆಯಲ್ಲಿದ್ದೆವು. 2021ರಲ್ಲಿ 55 ಪೌಂಡ್ ದಾಟಿದ ಮಸ್ಕಿ ಸಿಕ್ಕಿ, 1957ರಿಂದ ನಿಂತಿದ್ದ ರಾಜ್ಯದ ದಾಖಲೆ ಮುರಿದದ್ದು ಇದೇ ಕೆರೆಯಲ್ಲಿ. ದೋಣಿಯ ಪಕ್ಕದವರೆಗೆ ಬಕ್‌ಟೇಲಿನ ಹಿಂದೆಯೇ ಬಂದ ಮಸ್ಕಿಯೊಂದು ಕಚ್ಚಿತು. ರಾಡ್ ಬುಡದವರೆಗೂ ಬಾಗಿತು. ಬಾಗಿದ್ದಷ್ಟೇ, ಮೀನನ್ನು ತಿರುಗಿಸುವ ಕಸುವು ಅದರಲ್ಲಿರಲಿಲ್ಲ. “ಭಾವ, ಡ್ರ್ಯಾಗ್ ಪೂರ್ತಿ ಬಿಗಿ ಮಾಡಿದೀನಿ, ಆದ್ರೂ ದಾರ ಹೋಗ್ತಾನೇ ಇದೆ!” ಅಂತ ಕೂಗಿದ. “ರಾಡ್ ಮೇಲಕ್ಕೆತ್ತಬೇಡ ಕಣೋ, ಪಕ್ಕಕ್ಕೆ ಹಿಡಿ” ಅಂತ ನಾನು. ಡ್ರ್ಯಾಗ್ ಅಂದರೆ ಮೀನು ಎಳೆದಾಗ ದಾರ ಸುಲಭವಾಗಿ ಬಿಚ್ಚಿಕೊಳ್ಳದಂತೆ ತಡೆಯುವ, ರೀಲಿನೊಳಗಿನ ಬ್ರೇಕ್. ಅದು ಕೆಟ್ಟಿರಲಿಲ್ಲ. ಬ್ರೇಡ್ ದಾರವನ್ನು ನುಣ್ಣನೆಯ ಸ್ಪೂಲ್ (ರೀಲಿನಲ್ಲಿ ದಾರ ಸುತ್ತುವ ಉರುಳೆ) ಮೇಲೆ ನೇರವಾಗಿ ಸುತ್ತಿದ್ದರು. ಕೆಳಗೆ ಹಿಡಿತಕ್ಕೆ ಒಂದಿಷ್ಟು ನೈಲಾನ್ ದಾರ ಸುತ್ತಿರಲಿಲ್ಲ. ಹಾಗಾಗಿ ಸ್ಪೂಲ್ ನಿಂತಲ್ಲೇ ನಿಂತು, ಮೇಲಿನ ದಾರದ ಸುತ್ತು ಇಡಿಯಾಗಿ ಜಾರುತ್ತಿತ್ತು.

ಕೆಲವೇ ನಿಮಿಷದಲ್ಲಿ ಮುಗಿಯಬೇಕಿದ್ದ ಎಳೆದಾಟ ಮುಗಿಯಲೇ ಇಲ್ಲ. ಮಸ್ಕಿ ತಂಪು ನೀರನ್ನು ಇಷ್ಟಪಡುವ ಮೀನು. ನೀರು 80 ಡಿಗ್ರಿ ಫ್ಯಾರನ್‌ಹೀಟ್ ಹತ್ತಿರ ಬಂದಾಗ ಅದರಲ್ಲಿ ಆಮ್ಲಜನಕ ಕಡಿಮೆ, ಸುಸ್ತಾದ ಮೀನು ಚೇತರಿಸಿಕೊಳ್ಳುವುದು ಕಷ್ಟ. ಕೊಕ್ಕೆ ಬಿಡಿಸಿ ನೀರಿನಲ್ಲೇ ಬಾಲ ಹಿಡಿದು ಬಹಳ ಹೊತ್ತು ನಿಂತೆವು. ಒಮ್ಮೆ ನೆಟ್ಟಗಾಯಿತು, ಹೋಯಿತು ಅಂದುಕೊಳ್ಳುವಷ್ಟರಲ್ಲಿ ಹೊಟ್ಟೆ ಮೇಲಾಗಿ ತೇಲಿತು. ಮಿನೆಸೋಟದ ಹೆಚ್ಚಿನ ಕೆರೆಗಳಲ್ಲಿ 54 ಅಂಗುಲಕ್ಕಿಂತ ಚಿಕ್ಕ ಮಸ್ಕಿ ಇಟ್ಟುಕೊಳ್ಳುವಂತಿಲ್ಲ, ಇದು ಅದಕ್ಕಿಂತ ಚಿಕ್ಕದು. ಸತ್ತ ಮೀನನ್ನು ಅಲ್ಲೇ ಬಿಟ್ಟು ಬಂದೆವು. ಆ ಗಾತ್ರಕ್ಕೆ ಬೆಳೆಯಲು ಅದಕ್ಕೆ ಎಷ್ಟೋ ವರ್ಷ ಬೇಕಾಗಿರುತ್ತದೆ.

ರಾಡ್ ಮುರಿದದ್ದು ಆಮೇಲೆ, ಆ ರಬ್ಬರ್ ಮೀನು ಎಸೆಯುವಾಗ. ಎರಡನೇ ಗೈಡಿನ (ದಾರ ಹಾಯುವ ಉಂಗುರದ) ಹತ್ತಿರ ಪಟ್ ಅಂತ ಎರಡು ತುಂಡು. ಅಂಗಡಿಗೆ ಒಯ್ದರೆ, “ಹಿಡಿಯ ಮೇಲೆ ಒಂದೂವರೆ ಔನ್ಸ್ ಅಂತ ಬರೆದಿದೆಯಲ್ಲ, ಅದಕ್ಕಿಂತ ಭಾರ ಎಸೆದರೆ ವಾರಂಟಿ ಬರುವುದಿಲ್ಲ” ಅಂದರು. ಎರಡನ್ನೂ ಒಂದೇ ಬಿಲ್ಲಿನಲ್ಲಿ ಮಾರಿದವರು ನೀವೇ ಅಂತ ಬಿಲ್ ತೋರಿಸಿದರೂ ಮಾತು ಬದಲಾಗಲಿಲ್ಲ. ಇದು ನನಗೆ ಶುದ್ಧ ಮೋಸವಾಗಿಯೇ ಕಾಣುತ್ತದೆ.

ಎರಡೂ ಮೀನಿಗೆ ಒಂದೇ ಸೆಟ್ ಸಾಧ್ಯವಿಲ್ಲ ಅಂತ ನಾನು ಹೇಳುತ್ತಿಲ್ಲ. ಖಂಡಿತ ಸಾಧ್ಯ. ಆದರೆ ಆರಿಸುವಾಗ ಮಸ್ಕಿಯಿಂದ ಶುರು ಮಾಡಬೇಕು, ಪೈಕ್‌ನಿಂದಲ್ಲ. ಎರಡೂ ಒಂದೇ ಕೆರೆಯಲ್ಲಿರುತ್ತವೆ, ಯಾವುದು ಕಚ್ಚಬೇಕು ಅಂತ ನೀವು ತೀರ್ಮಾನಿಸಲಾಗುವುದಿಲ್ಲ. ಮಸ್ಕಿ ರಾಡಿನಲ್ಲಿ ಪೈಕ್ ಹಿಡಿದರೆ ಆಟದ ಮಜಾ ಸ್ವಲ್ಪ ಕಮ್ಮಿ, ಅಷ್ಟೇ ನಷ್ಟ.

ರಾಡ್ ಎಂಟರಿಂದ ಒಂಬತ್ತು ಅಡಿ ಇರಲಿ, ಹೆವಿ, ಅಂದರೆ ಹೆಚ್ಚು ಗಡುಸಿನದು. ನನಗೆ ಎಂಟೂವರೆ ಅಡಿ ಹಿಡಿಸಿದೆ. ಉದ್ದ ಬೇಕಾಗುವುದು ದೂರ ಎಸೆಯಲು ಮಾತ್ರವಲ್ಲ. ಮಸ್ಕಿ ಲೂರಿನ ಹಿಂದೆ ದೋಣಿಯವರೆಗೂ ಬರುವ ಮೀನು, ಆಗ ರಾಡಿನ ತುದಿಯನ್ನು ನೀರಿನೊಳಗಿಟ್ಟು ಇಂಗ್ಲಿಷಿನ ಎಂಟರ ಆಕಾರದಲ್ಲಿ ಲೂರನ್ನು ತಿರುಗಿಸುತ್ತಿರಬೇಕು. ಗಿಡ್ಡ ರಾಡಿನಲ್ಲಿ ಆ ತಿರುವು ಇಕ್ಕಟ್ಟಾಗಿ ಮೀನು ಹಿಂದೆ ಸರಿಯುತ್ತದೆ. ಇನ್ನು ಹಿಡಿಯ ಮೇಲೆ ಅಚ್ಚಾದ ತೂಕ: 2ರಿಂದ 6 ಅಥವಾ 2ರಿಂದ 8 ಔನ್ಸ್ ಅಂತಿದ್ದರೆ ಪೈಕ್‌ನ ದೊಡ್ಡ ಸ್ಪೂನ್‌ನಿಂದ ಮಸ್ಕಿಯ ಬಕ್‌ಟೇಲ್‌ವರೆಗೆ ಬಹುಪಾಲು ಎಲ್ಲವೂ ನಡೆಯುತ್ತದೆ. ಒಂದು ಪೌಂಡಿನ ರಬ್ಬರ್ ಮೀನುಗಳಿಗೆ ಬೇರೆಯದೇ ರಾಡ್ ಬೇಕು, ಅದನ್ನು ಈ ಲೆಕ್ಕಕ್ಕೆ ತರಬೇಡಿ.

ರೀಲ್ ಲೋ-ಪ್ರೊಫೈಲ್ (ಚಪ್ಪಟೆ ಆಕಾರದ್ದು) ಆದರೆ 300 ಅಥವಾ 400ರ ಅಳತೆ. ದುಂಡನೆಯದಾದರೆ 6500, 7000 ನಂಬರಿನವು ಹಳಬರು ನಂಬಿಕೊಂಡು ಬಂದವು. ಗೇರ್ ಅನುಪಾತ (ಹಿಡಿಕೆಯ ಒಂದು ಸುತ್ತಿಗೆ ಸ್ಪೂಲ್ ಎಷ್ಟು ಸುತ್ತು ತಿರುಗುತ್ತದೆ ಎಂಬ ಲೆಕ್ಕ) ಹೆಚ್ಚಿದ್ದಷ್ಟೂ ಒಳ್ಳೆಯದು ಅಂತ ಹೇಳಿದರೆ ಒಪ್ಪಬೇಡಿ. ದೊಡ್ಡ ಸ್ಪೂಲ್ ಇದ್ದರೆ 5 ಚಿಲ್ಲರೆಯ ಅನುಪಾತದಲ್ಲೂ ಒಂದು ಸುತ್ತಿಗೆ ಸಾಕಷ್ಟು ದಾರ ಒಳಗೆ ಬರುತ್ತದೆ, ಕೈಯೂ ಸೋಲುವುದಿಲ್ಲ. ಹಿಡಿಕೆ ಉದ್ದವಾಗಿದ್ದು, ತುದಿಯ ಗುಬುಟು ದಪ್ಪಗಿರಲಿ.

ದಾರ 65 ಅಥವಾ 80 ಪೌಂಡಿನ ಬ್ರೇಡ್. ಅಷ್ಟು ತೂಕದ ಮೀನು ಎಲ್ಲಿದೆ ಅಂತ ಕೇಳಬಹುದು. ಎಸೆಯುವಾಗ ದಾರ ಗೋಜಲಾಗಿ ಸ್ಪೂಲ್ ಗಕ್ಕನೆ ನಿಂತರೆ, ಹಾರುತ್ತಿರುವ ಲೂರ್ ಕೊಡುವ ಜಗ್ಗಿಗೆ ತೆಳ್ಳನೆಯ ದಾರ ತುಂಡಾಗುತ್ತದೆ, ಅದಕ್ಕೆ ಈ ದಪ್ಪ. ರೀಲಿಗೆ ದಾರ ಸುತ್ತಿಸುವಾಗ ಕೆಳಗೆ ನೈಲಾನ್ ಸುತ್ತಿದ್ದಾರೆಯೇ ಅಂತ ಎದುರಿಗೇ ನಿಂತು ನೋಡಿ. ಸುತ್ತಿದ ರೀಲನ್ನೇ ಕೊಟ್ಟರೆ ಡ್ರ್ಯಾಗ್ ಪೂರ್ತಿ ಬಿಗಿ ಮಾಡಿ, ಕೈಗೆ ಬಟ್ಟೆ ಸುತ್ತಿಕೊಂಡು ದಾರವನ್ನು ಜೋರಾಗಿ ಎಳೆಯಿರಿ. ಸ್ಪೂಲ್ ನಿಂತಿದ್ದು ದಾರ ಮಾತ್ರ ಜಾರಿದರೆ ಬಿಚ್ಚಿಸಿ ಮತ್ತೆ ಸುತ್ತಿಸಿ. ಲೂರಿನ ಮುಂದೆ 100 ಪೌಂಡಿನ ಫ್ಲೂರೋಕಾರ್ಬನ್ (ಗಟ್ಟಿ ಪ್ಲಾಸ್ಟಿಕ್ ಎಳೆ) ಅಥವಾ ಸ್ಟೀಲ್ ತಂತಿಯ ಲೀಡರ್ (ದಾರಕ್ಕೂ ಲೂರಿಗೂ ನಡುವೆ ಕಟ್ಟುವ ತುಂಡು) ಬೇಕೇ ಬೇಕು, ಈ ಎರಡೂ ಮೀನಿನ ಹಲ್ಲು ಬರೀ ಬ್ರೇಡನ್ನು ಕಚ್ಚಿದಲ್ಲೇ ಕತ್ತರಿಸುತ್ತದೆ.

ಇದಕ್ಕೆಲ್ಲ ಆ ಕಾಂಬೋಗಿಂತ ಹೆಚ್ಚು ಖರ್ಚಾಗುತ್ತದೆ. ಕೈ ಬಿಗಿಯಿದ್ದರೆ ಲೂರ್ ಎರಡೇ ಕೊಳ್ಳಿ, ಆದರೆ ರಬ್ಬರ್ ಲೇಪನದ ದೊಡ್ಡ ಬಲೆ, ಉದ್ದ ಮೂತಿಯ ಇಕ್ಕಳ, ಕೊಕ್ಕೆ ಕತ್ತರಿಸುವ ಕಟರ್ ಇಲ್ಲದೆ ದೋಣಿ ಹತ್ತಬೇಡಿ. ಜುಲೈ, ಆಗಸ್ಟ್‌ನಲ್ಲಿ ನೀರಿನ ಬಿಸಿ ನೋಡಲು ಒಂದು ಥರ್ಮಾಮೀಟರ್ ಕೂಡ ಇರಲಿ. 80ರ ಹತ್ತಿರ ತೋರಿಸಿದ ದಿನ ಮಸ್ಕಿ ಬಿಟ್ಟು ಬಾಸ್‌ಗೆ ಹೋಗಿ.