ಭೂಗತ ಗಣಿಯಲ್ಲಿ ಲೈಡಾರ್ ಡ್ರೋನ್: ಕೆಲವು ವರ್ಷ ಹಾರಿಸಿದ ಮೇಲೆ ನನ್ನ ಅನುಭವ

ನಾನು ಪಶ್ಚಿಮ ಆಸ್ಟ್ರೇಲಿಯಾದ ಕಾಲ್‌ಗೂರ್ಲಿ ಕಡೆ ಒಂದು ಭೂಗತ ಚಿನ್ನದ ಗಣಿಯಲ್ಲಿ ಸರ್ವೇಯರ್. ಊರು ಲಿಂಗಸುಗೂರು ತಾಲ್ಲೂಕು, ಹಟ್ಟಿಯ ಪಕ್ಕ. ಲೈಡಾರ್, ಅಂದರೆ ಲೇಸರ್ ಬೆಳಕಿನಿಂದ ದೂರ ಅಳೆಯುವ ಸ್ಕ್ಯಾನರ್ ಹೊತ್ತು ಹಾರುವ ಡ್ರೋನ್ ನಮ್ಮ ಗಣಿಗೆ ಬಂದು ಕೆಲವು ವರ್ಷಗಳಾದವು. ಊರಿನ ಕಡೆ ಮೈನಿಂಗ್ ಓದುವ ಹುಡುಗರು ಫೋನ್ ಮಾಡಿದಾಗೆಲ್ಲ ಒಂದೇ ಪ್ರಶ್ನೆ: "ಅಣ್ಣಾ, ಅದು ಖರೇನ ಉಪಯೋಗಕ್ಕ ಬರ್ತದೇನ್ರಿ, ಇಲ್ಲಾ ಬರೇ ವಿಡಿಯೋದಾಗ ಚಂದ ಕಾಣ್ತದೇನ್ರಿ?"

ಖಂಡಿತ ಬರುತ್ತದೆ. ನನ್ನ ಕೆಲಸವನ್ನು ಇಷ್ಟು ಬದಲಾಯಿಸಿದ ಇನ್ನೊಂದು ಸಲಕರಣೆ ಇಲ್ಲ. ಆದರೆ ಮಾರುವವರು ಹೇಳುವ ಕಾರಣಕ್ಕಲ್ಲ. ಅವರು ಬಣ್ಣಬಣ್ಣದ ತ್ರೀಡಿ ಚಿತ್ರ ತೋರಿಸುತ್ತಾರೆ. ನನಗೆ ಮುಖ್ಯ ಅನಿಸಿದ್ದು ಬೇರೆ. ಅದಿರು ತೆಗೆದ ಖಾಲಿ ಕೋಣೆಯ, ಅಂದರೆ ಸ್ಟೋಪ್‌ನ ಬಾಯಿಯಲ್ಲಿ ಈಗ ಮನುಷ್ಯ ನಿಲ್ಲಬೇಕಾಗಿಲ್ಲ.

ನಮ್ಮ ಹತ್ತಿರ ಇರುವ ಡ್ರೋನ್‌ಗಳ ಬ್ರ್ಯಾಂಡ್ ಹೇಳುವುದಿಲ್ಲ. ಕೆಳಗೆ ಬರೆದ ತೊಂದರೆಗಳು ಈ ಜಾತಿಯ ಯಾವ ಡ್ರೋನ್‌ಗಾದರೂ ಬರುವಂಥವು. ನಮ್ಮಲ್ಲಿ ಎರಡು ಬಗೆ ಇವೆ. ಒಂದು ದೊಡ್ಡದು, ಹೊಟ್ಟೆಯ ಕೆಳಗೆ ಸ್ಕ್ಯಾನರ್ ಗಿರಗಿರ ತಿರುಗುತ್ತಿರುತ್ತದೆ. ಇನ್ನೊಂದು ಚಿಕ್ಕದು, ಸುತ್ತ ಪಂಜರ ಇರುವಂಥದ್ದು. ಬಂಡೆಗೆ ತಾಗಿದರೂ ಬೀಳದೆ ಹಾರುತ್ತದೆ.

ಗಣಿ ಕೆಲಸ ಗೊತ್ತಿಲ್ಲದವರಿಗೆ ಸ್ವಲ್ಪ ಹಿನ್ನೆಲೆ. ಎರಡು ಲೆವೆಲ್‌ಗಳ (ಬೇರೆ ಬೇರೆ ಆಳದ ಸುರಂಗ ಮಹಡಿಗಳ) ನಡುವಿನ ಅದಿರಿಗೆ ರಂಧ್ರ ಕೊರೆದು, ಸ್ಫೋಟಿಸಿ, ಕೆಳಗಿನ ಲೆವೆಲ್‌ನಿಂದ ತೆಗೆಯುತ್ತೇವೆ. ತೆಗೆದ ಮೇಲೆ ಉಳಿಯುವ ದೊಡ್ಡ ಖಾಲಿ ಕೋಣೆಯೇ ಸ್ಟೋಪ್. ಕೆಲವು ಸ್ಟೋಪ್‌ಗಳಲ್ಲಿ ಬಹುಮಹಡಿ ಕಟ್ಟಡವನ್ನೇ ನಿಲ್ಲಿಸಬಹುದು. ಮೇಲೆ ಆಧಾರ ಇರುವುದಿಲ್ಲ, ಯಾವಾಗ ಏನು ಬೀಳುತ್ತದೋ ಹೇಳೋಕಾಗಲ್ಲ. ಹಾಗಾಗಿ ಒಳಗೆ ಯಾರೂ ಕಾಲಿಡುವಂತಿಲ್ಲ. ಲೋಡರ್ ಕೂಡ ರಿಮೋಟ್‌ನಲ್ಲೇ ಹೋಗಿ ಬರುತ್ತದೆ. ಆದರೆ ಅದರ ಆಕಾರ ಗೊತ್ತಾಗಲೇಬೇಕು. ಎಷ್ಟು ಅದಿರು ಒಳಗೇ ಉಳಿಯಿತು? ಹ್ಯಾಂಗಿಂಗ್ ವಾಲ್‌ನಿಂದ (ಅದಿರಿನ ಮೇಲ್ಬದಿಯ ಬಂಡೆ ಗೋಡೆಯಿಂದ) ಎಷ್ಟು ಬೇಡದ ಕಲ್ಲು ಬಿದ್ದು ಅದಿರಿನ ಜೊತೆ ಸೇರಿತು? ಮತ್ತೆ ತುಂಬಿಸೋಕೆ ಎಷ್ಟು ಪೇಸ್ಟ್ (ಗಣಿಯ ತ್ಯಾಜ್ಯದ ಪುಡಿಗೆ ಸಿಮೆಂಟ್ ಕಲಸಿದ ಗಾರೆ) ಬೇಕು? ಪಕ್ಕದ ಸ್ಟೋಪ್‌ನ ಪ್ಲಾನ್ ಮಾಡುವುದು ಈ ಉತ್ತರಗಳ ಮೇಲೇ.

ಮೊದಲು ಇದಕ್ಕೆ ಉದ್ದನೆಯ ಕೋಲಿನ ತುದಿಗೆ ಲೇಸರ್ ಸ್ಕ್ಯಾನರ್ ಕಟ್ಟಿ ಸ್ಟೋಪ್ ಒಳಗೆ ಚಾಚುತ್ತಿದ್ದೆವು. ಕೆನಡಾದಲ್ಲಿ 1990ರ ದಶಕದಲ್ಲಿ ಬಳಕೆಗೆ ಬಂದ ವಿಧಾನ ಅದು. ಆ ಕಾಲಕ್ಕೆ ದೊಡ್ಡ ಹೆಜ್ಜೆಯೇ. ಆದರೆ ಕೋಲು ಜೋಡಿಸೋಕೆ, ಸರಿಪಡಿಸೋಕೆ ಸರ್ವೇಯರ್ ಅಂಚಿನ ಹತ್ತಿರ ಹೋಗಲೇಬೇಕಿತ್ತು. ಮೇಲಿಂದ ಸಣ್ಣ ಕಲ್ಲು ಉದುರುವ ಸದ್ದು ಕೇಳುತ್ತಲೇ ಕೆಲಸ. ಅಷ್ಟಾದರೂ ಸ್ಕ್ಯಾನರ್ ಇರುವ ಒಂದು ಜಾಗದಿಂದ ಏನು ಕಾಣುತ್ತದೋ ಅಷ್ಟೇ ಸಿಗುತ್ತಿತ್ತು. ಉಬ್ಬಿದ ಬಂಡೆಯ ಹಿಂದೆ, ಮೂಲೆಯಾಚೆ ಎಲ್ಲಾ ಕತ್ತಲು. ಆ ಖಾಲಿ ಜಾಗವನ್ನು ಸಾಫ್ಟ್‌ವೇರ್ ಅಂದಾಜಿನಲ್ಲಿ ಮುಚ್ಚುತ್ತಿತ್ತು. ಆ ಅಂದಾಜನ್ನೇ ಪ್ಲಾನಿಂಗ್‌ನವರು ನಿಜ ಅಂತ ಹಿಡಿಯುತ್ತಿದ್ದರು.

ಈಗ ಬಾಯಿಯಿಂದ ಸಾಕಷ್ಟು ಹಿಂದೆ, ಮೇಲ್ಛಾವಣಿಗೆ ಬೋಲ್ಟ್ ಮತ್ತು ಜಾಲರಿ ಇರುವ ಕಡೆ ನಿಲ್ಲುತ್ತೇವೆ. ಡ್ರೋನ್ ನೆಲ ಬಿಟ್ಟ ತಕ್ಷಣ ಧೂಳು ಎದ್ದು, ಕ್ಯಾಪ್ ಲ್ಯಾಂಪಿನ ಬೆಳಕಿನಲ್ಲಿ ಏನೂ ಕಾಣಲ್ಲ. ಆಮೇಲೆ ಸದ್ದು ದೂರ ಆಗುತ್ತದೆ. ಕಣ್ಣು ಟ್ಯಾಬ್ಲೆಟ್ ಮೇಲೆ. ಮೊದಲು ಫುಟ್‌ವಾಲ್, ಅಂದರೆ ಅದಿರಿನ ಕೆಳಬದಿಯ ಗೋಡೆ, ಚುಕ್ಕೆಚುಕ್ಕೆಯಾಗಿ ಮೂಡುತ್ತದೆ. ಡ್ರೋನ್ ಮೇಲೇರಿದಂತೆ ಎದುರಿನ ಗೋಡೆ, ಅದರ ಬಿರುಕು, ತುದಿಯಲ್ಲಿ ಕೊರೆದ ರಂಧ್ರಗಳ ಅರ್ಧ ಕೊಳವೆಗಳು. ಹಾಗೆ ನೋಡುತ್ತಿದ್ದಾಗ ಒಮ್ಮೆ ಹಿಂದಿನ ಮೂಲೆಯಲ್ಲಿ ಗೋಡೆಗೆ ಅಂಟಿದ ದಪ್ಪನೆಯ ಬಂಡೆಯೊಂದು ಕಂಡಿತು. ಸ್ಫೋಟಕ್ಕೆ ಒಡೆಯದೆ ಉಳಿದ ಒಳ್ಳೆಯ ಅದಿರು. ಹಳೆಯ ಕೋಲಿನ ಸ್ಕ್ಯಾನ್‌ನಲ್ಲಿ ಅದೇ ಜಾಗ ನುಣುಪಾದ ಗೋಡೆ. ಮೇಲಿನ ಲೆವೆಲ್‌ನಿಂದ ಮತ್ತೆ ಕೊರೆದು ಅದನ್ನು ಇಳಿಸಿದೆವು. ಪೇಸ್ಟ್ ತುಂಬಿಸಿದ ಮೇಲೆ ಗೊತ್ತಾಗಿದ್ದರೆ ಆ ಚಿನ್ನ ಅಲ್ಲೇ ಉಳಿಯುತ್ತಿತ್ತು.

ಭೂಮಿಯ ಕೆಳಗೆ ಜಿಪಿಎಸ್ ಸಿಗಲ್ಲ, ದಾರಿ ಹೇಗೆ ಗೊತ್ತಾಗುತ್ತೆ ಅಂತ ತುಂಬಾ ಜನ ಕೇಳುತ್ತಾರೆ. ಲೇಸರ್ ಸೆಕೆಂಡಿಗೆ ಲಕ್ಷಗಟ್ಟಲೆ ಚುಕ್ಕೆ ಅಳೆಯುತ್ತದೆ. ಡ್ರೋನ್ ಈಗ ಕಂಡ ಗೋಡೆಯನ್ನು ಸ್ವಲ್ಪ ಹೊತ್ತಿನ ಹಿಂದೆ ಕಂಡ ಗೋಡೆಗೆ ಹೋಲಿಸಿ, ತಾನು ಎಷ್ಟು ಸರಿದೆ ಅಂತ ಲೆಕ್ಕ ಹಾಕುತ್ತದೆ. ಇದಕ್ಕೆ ಸ್ಲ್ಯಾಮ್ ಅಂತಾರೆ. ಕತ್ತಲಲ್ಲೇ ನಕ್ಷೆ ಮಾಡುತ್ತಾ, ಆ ನಕ್ಷೆಯಲ್ಲೇ ತನ್ನ ಜಾಗ ಹುಡುಕುವುದು. ಈ ವಿದ್ಯೆಗೆ ಆಸ್ಟ್ರೇಲಿಯಾ ಸರ್ಕಾರದ ವಿಜ್ಞಾನ ಸಂಶೋಧನಾ ಸಂಸ್ಥೆ ಸಿಎಸ್‌ಐಆರ್‌ಒದ ಕೊಡುಗೆ ದೊಡ್ಡದು. 2018ರಲ್ಲಿ ಅಲ್ಲಿಂದಲೇ ಡ್ರೋನ್‌ಗೆ ಇಂಥ ಸ್ಕ್ಯಾನರ್ ಮಾಡುವ ಎಮೆಸೆಂಟ್ ಕಂಪನಿ ಹುಟ್ಟಿತು. 2021ರಲ್ಲಿ ಅಮೆರಿಕದ ಕೆಂಟಕಿಯ ಒಂದು ಹಳೇ ಸುಣ್ಣಕಲ್ಲಿನ ಗಣಿಯಲ್ಲಿ ಆ ದೇಶದ ರಕ್ಷಣಾ ಸಂಶೋಧನಾ ಸಂಸ್ಥೆ ಡಾರ್ಪಾ ನಡೆಸಿದ ಭೂಗತ ರೋಬೋಟ್ ಸ್ಪರ್ಧೆಯ ಫೈನಲ್‌ನಲ್ಲಿ ಸಿಎಸ್‌ಐಆರ್‌ಒ ತಂಡಕ್ಕೆ ಎರಡನೇ ಸ್ಥಾನ ಬಂತು. ಅಂಕ ಗೆದ್ದ ತಂಡದಷ್ಟೇ ಬಂದಿತ್ತು, ಸೋತಿದ್ದು ಟೈಬ್ರೇಕರ್‌ನಲ್ಲಿ. ಆ ಸ್ಪರ್ಧೆಯ ವಿಡಿಯೋಗಳನ್ನು ಮೈನಿಂಗ್ ವಿದ್ಯಾರ್ಥಿಗಳು ನೋಡಲೇಬೇಕು.

ಸ್ಟೋಪ್‌ನಲ್ಲಿ ಗೋಡೆ ಒರಟು ಒರಟಾಗಿರುತ್ತದೆ, ಸ್ಲ್ಯಾಮ್‌ಗೆ ಹಬ್ಬ. ನೇರವಾದ, ನುಣ್ಣನೆಯ ಉದ್ದ ಸುರಂಗದಲ್ಲಿ ಅದು ತಬ್ಬಿಬ್ಬಾಗುತ್ತದೆ. ಎಲ್ಲಾ ಒಂದೇ ಥರ ಕಂಡರೆ ಎಷ್ಟು ಮುಂದೆ ಬಂದೆ ಅಂತ ಅದಕ್ಕೆ ತಿಳಿಯಲ್ಲ. ಹೋದಷ್ಟೂ ತಪ್ಪು ಬೆಳೆಯುತ್ತದೆ. ಅದಕ್ಕೇ ಹಾರಿಸುವ ಮೊದಲು ನಮ್ಮ ಸರ್ವೇ ಸ್ಟೇಷನ್‌ಗಳಿಗೆ (ನಿಖರ ಜಾಗ ಮೊದಲೇ ಅಳೆದಿಟ್ಟ ಗುರುತುಗಳಿಗೆ) ಹೊಳೆಯುವ ಟಾರ್ಗೆಟ್ ಹಚ್ಚುತ್ತೇವೆ, ಆಮೇಲೆ ಚುಕ್ಕೆಗಳ ಮೋಡವನ್ನು ಅವಕ್ಕೆ ಕೂರಿಸುತ್ತೇವೆ. ಈ ಹೆಜ್ಜೆ ಬಿಟ್ಟರೆ ಸ್ಕ್ಯಾನ್ ಸುಮ್ನೆ ಚಿತ್ರ, ಸರ್ವೇ ಅಲ್ಲ. ಹಾಗಾದರೆ ಟೋಟಲ್ ಸ್ಟೇಷನ್ (ಕೋನ, ದೂರ ಅಳೆಯುವ ಸರ್ವೇ ಯಂತ್ರ) ಮಾರಿಬಿಡಬಹುದಾ ಅಂತ ಒಬ್ಬರು ಕೇಳಿದ್ದರು. ಖಂಡಿತ ಬೇಡ. ಡ್ರೋನ್ ನಿಂತಿರುವುದೇ ಅದರ ಆಧಾರದ ಮೇಲೆ.

ಇನ್ನು ತೊಂದರೆಗಳು. ನಮಗೆ ಎಲ್ಲಕ್ಕಿಂತ ದೊಡ್ಡ ಶತ್ರು ನೀರು. ಈ ಕಡೆಯ ಅಂತರ್ಜಲ ಸಮುದ್ರದ ನೀರಿಗಿಂತ ಹಲವು ಪಟ್ಟು ಉಪ್ಪು. ಛಾವಣಿಯಿಂದ ತೊಟ್ಟಿಕ್ಕಿದ ಹನಿ ಒಣಗಿದರೆ ಬಿಳಿ ಪೊರೆ. ಅದು ಮೋಟಾರಿನ ಬೇರಿಂಗ್ ತಿನ್ನುತ್ತದೆ, ಬ್ಯಾಟರಿಯ ಪಿನ್‌ಗಳ ಮೇಲೆ ಹಸಿರು ಕಟ್ಟುತ್ತದೆ. ಧೂಳು ಸೇರಿದರೆ ರೆಕ್ಕೆಗಳ ಮೇಲೆ ಸಿಮೆಂಟಿನ ಹಾಗೆ ಗಟ್ಟಿಯಾಗಿ ಕೂರುತ್ತದೆ, ಆಮೇಲೆ ಹಾರುವಾಗ ನಡುಕ ಶುರು. ಪ್ರತಿ ಸಲ ಮೇಲೆ ಬಂದ ಮೇಲೆ ಒದ್ದೆ ಬಟ್ಟೆಯಲ್ಲಿ ಒಂದೊಂದು ರೆಕ್ಕೆ ಒರೆಸಿ, ಸ್ಕ್ಯಾನರಿನ ಗಾಜು ಬೇರೆ ಮೆತ್ತನೆಯ ಬಟ್ಟೆಯಲ್ಲಿ ಒರೆಸಿ, ಪಿನ್ ನೋಡಿ ಇಡಬೇಕು. ಇದಕ್ಕೆ ಸಮಯ ಕೊಡದ ಗಣಿ ಡ್ರೋನ್ ಕೊಳ್ಳದಿರುವುದೇ ವಾಸಿ.

ಸ್ಫೋಟದ ನಂತರ ಹೊಗೆ, ಧೂಳು ಪೂರ್ತಿ ಹೋಗುವವರೆಗೆ ಕಾಯಬೇಕು. ಲೇಸರ್ ಧೂಳಿನ ಕಣವನ್ನೂ ಗೋಡೆ ಅಂತಲೇ ಬರೆದುಕೊಳ್ಳುತ್ತದೆ. ಮಂಜು ಕವಿದ ಜಾಗದಲ್ಲೂ ಅಷ್ಟೇ. ವೆಂಟಿಲೇಶನ್ ರೈಸ್ (ಗಾಳಿಗಾಗಿ ಕೊರೆದ ಬಾವಿಯಂಥ ದಾರಿ) ಹತ್ತಿರ ಗಾಳಿ ಜೋರಿದ್ದರೆ ಡ್ರೋನ್ ಒಂದೇ ಕಡೆ ನಿಲ್ಲೋಕೇ ಬ್ಯಾಟರಿ ಖರ್ಚಾಗುತ್ತದೆ. ಬ್ಯಾಟರಿ ವಿಷಯದಲ್ಲಿ ಜಾಸ್ತಿ ಆಸೆ ಇಟ್ಟುಕೊಳ್ಳಬೇಡಿ. ಪಂಜರದ ಡ್ರೋನ್ ಸ್ಕ್ಯಾನರ್ ಹೊತ್ತು ಹತ್ತು ನಿಮಿಷದ ಆಸುಪಾಸು ಹಾರುತ್ತದೆ. ದೊಡ್ಡದು ಇಪ್ಪತ್ತು ನಿಮಿಷ ದಾಟುತ್ತದೆ. ಲಿಥಿಯಂ ಬ್ಯಾಟರಿಗೆ ಭೂಗತದಲ್ಲಿ ಬೆಂಕಿ ಹತ್ತಿದರೆ ಹೊಗೆ ಹೋಗೋಕೆ ದಾರಿ ಇಲ್ಲ. ಅದಕ್ಕೇ ಚಾರ್ಜಿಂಗ್ ಎಲ್ಲಾ ಮೇಲೆ, ಕೆಳಗೆ ಒಯ್ಯುವಾಗ ಬೆಂಕಿ ತಡೆಯುವ ಪೆಟ್ಟಿಗೆ.

ಒಂದು ಡ್ರೋನ್ ನಾವು ಕಳೆದುಕೊಂಡಿದ್ದೇವೆ. ಹಾರುತ್ತಿದ್ದಾಗ ಹ್ಯಾಂಗಿಂಗ್ ವಾಲ್‌ನಿಂದ ಚಪ್ಪಡಿ ಕಳಚಿ ಅದರ ಮೇಲೇ ಬಿತ್ತು. ಸ್ಕ್ರೀನ್ ನಿಂತುಹೋಯಿತು. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ನಮ್ಮ ಫೋರ್‌ಮನ್, ಕೋಲಿನ ಕಾಲದಿಂದಲೂ ಇದ್ದವರು, "ಹೋದರೆ ಹೋಗಲಿ, ಅದಕ್ಕೆ ಹೆಂಡತಿ ಮಕ್ಕಳಿಲ್ಲ" ಅಂದರು. ಬಜೆಟ್ ಮೀಟಿಂಗ್‌ನಲ್ಲಿ ಬೆಲೆ ಜಾಸ್ತಿ ಅನ್ನುವವರಿಗೆ ನಾನು ಈ ಮಾತನ್ನೇ ಹೇಳುತ್ತೇನೆ. ಒಂದು ಸಲಹೆ: ಡೇಟಾ ಪೂರ್ತಿ ಡ್ರೋನ್‌ನಲ್ಲೇ ಉಳಿಯುವ ಮಾಡೆಲ್ ಬೇಡ. ಹಾರುತ್ತಿರುವಾಗಲೇ ಟ್ಯಾಬ್ಲೆಟ್‌ಗೂ ಒಂದಷ್ಟು ಬರುವಂಥದ್ದು ನೋಡಿ. ಆ ದಿನ ಟ್ಯಾಬ್ಲೆಟ್‌ಗೆ ಬಂದಿದ್ದರಿಂದಲೇ ಅರ್ಧ ಸ್ಟೋಪ್ ನಮ್ಮ ಕೈಗೆ ಸಿಕ್ಕಿತು.

ನನ್ನ ನಿಜವಾದ ಬೇಸರ ಮಾರಾಟದ ನಂತರದ ಸೇವೆಯ ಬಗ್ಗೆ. ಸಣ್ಣ ರಿಪೇರಿಗೂ ಯಂತ್ರ ದೂರ ಕಳಿಸಬೇಕು, ವಾರಗಟ್ಟಲೆ ಬರಲ್ಲ. ಸಾಫ್ಟ್‌ವೇರ್‌ಗೆ ವರ್ಷ ವರ್ಷ ಚಂದಾ. ಕಟ್ಟದಿದ್ದರೆ ನಮ್ಮದೇ ಹಳೆಯ ಸ್ಕ್ಯಾನ್‌ಗಳನ್ನು ಮತ್ತೆ ಪ್ರೊಸೆಸ್ ಮಾಡೋಕೆ ಆಗಲ್ಲ. ಇದು ನ್ಯಾಯವಲ್ಲ. ಇನ್ನೊಂದು, ಹಾರಿಸುವುದು ಬೇಗ ಕಲಿಯಬಹುದು. ಆಫೀಸಿನಲ್ಲಿ ಕೂತು ಧೂಳಿನ ಚುಕ್ಕೆ ತೆಗೆದು, ಸ್ಟೇಷನ್‌ಗಳಿಗೆ ಹೊಂದಿಸಿ, ಗಾತ್ರ ಲೆಕ್ಕ ಹಾಕುವವರು ಬೇಕು. ಡ್ರೋನ್ ಕೊಂಡು ಆ ಕೆಲಸಕ್ಕೆ ಜನ ಕೊಡದ ಗಣಿಗಳಲ್ಲಿ ಹಾರ್ಡ್ ಡಿಸ್ಕ್ ತುಂಬುತ್ತದೆ, ಪ್ಲಾನ್ ಬದಲಾಗಲ್ಲ.

ಎಲ್ಲಿ ಬೇಡ ಅಂತಲೂ ಹೇಳಬೇಕು. ಮೀಥೇನ್ ಇರುವ ಕಲ್ಲಿದ್ದಲು ಗಣಿಗೆ ಸಾಮಾನ್ಯ ಡ್ರೋನ್ ಒಯ್ಯಲೇಬಾರದು. ಮೋಟಾರು, ಬ್ಯಾಟರಿ ಯಾವುದೂ ಕಿಡಿ ಸುರಕ್ಷಿತ ಅಲ್ಲ. ಗೋಡೆ ಮಿಲಿಮೀಟರ್ ಲೆಕ್ಕದಲ್ಲಿ ಸರಿಯುತ್ತಿದೆಯಾ ನೋಡೋಕೂ ಇದು ಸಾಲದು, ಅದರ ನಿಖರತೆ ಸೆಂಟಿಮೀಟರ್‌ಗಳಲ್ಲಿ. ಅದಕ್ಕೆ ಬಂಡೆಯ ಸಣ್ಣ ಸರಿತ ಅಳೆಯುವ ಎಕ್ಸ್‌ಟೆನ್ಸೋಮೀಟರ್ ಬೇಕು. ಸ್ಫೋಟಕ ತುಂಬಿದ ಜಾಗದ ಹತ್ತಿರವೂ ಬೇಡ, ರೇಡಿಯೋ ಮತ್ತು ಡಿಟೋನೇಟರ್ ನಿಯಮ ಓದಿ. ಆದರೆ ಅದಿರು ಸಿಕ್ಕಿಕೊಂಡ ಓರ್ ಪಾಸ್ (ಅದಿರನ್ನು ಕೆಳಗಿನ ಲೆವೆಲ್‌ಗೆ ಬೀಳಿಸುವ ಕಡಿದಾದ ದಾರಿ) ನೋಡೋಕೆ ಪಂಜರದ ಡ್ರೋನ್‌ಗೆ ಸಾಟಿಯೇ ಇಲ್ಲ. ಕಟ್ಟಿಕೊಂಡ ಕಲ್ಲಿನ ಕೆಳಗೆ ತಲೆ ಚಾಚಿ ಮೇಲೆ ನೋಡುವುದು ಗಣಿಯಲ್ಲಿ ಜೀವ ತೆಗೆಯುವ ಕೆಲಸ.

ಕೆಜಿಎಫ್ ಬಗ್ಗೆಯೂ ಕೇಳುತ್ತಾರೆ. ಅಲ್ಲಿನ ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಆಳ. 2001ರಲ್ಲಿ ಗಣಿ ಮುಚ್ಚಿದ ಮೇಲೆ ಆಳದ ಲೆವೆಲ್‌ಗಳಲ್ಲಿ ನೀರು ತುಂಬಿದೆ, ಅಲ್ಲಿ ಡ್ರೋನ್ ಹಾರಲ್ಲ. ನೀರು ತುಂಬಿದ ಗಣಿಗೆ ಯುರೋಪಿನಲ್ಲಿ ಯುನೆಕ್ಸ್‌ಮಿನ್ ಯೋಜನೆಯವರು ಈಜುವ ರೋಬೋಟ್ ಮಾಡಿ, ಸ್ಲೊವೇನಿಯಾದ ಇದ್ರಿಯಾ ಪಾದರಸದ ಗಣಿಯಲ್ಲಿ ಪರೀಕ್ಷಿಸಿದ್ದಾರೆ. ಅದು ಬೇರೆಯೇ ಯಂತ್ರ.

ಹಟ್ಟಿಯ ಮಾತು ಬೇರೆ. ಅಲ್ಲಿ ಗಣಿ ನಡೆಯುತ್ತಿದೆ, ರೀಫ್‌ಗಳು (ಚಿನ್ನದ ಅದಿರಿನ ಪಟ್ಟಿಗಳು) ಕಿರಿದು, ಕಡಿದಾಗಿ ಇಳಿಯುತ್ತವೆ. ಅಂಥ ಕಡೆ ದೊಡ್ಡ ಡ್ರೋನ್ ತಿರುಗೋಕೆ ಜಾಗ ಸಾಲಲ್ಲ, ಪಂಜರದ್ದೇ ಸರಿ. ಕೊಳ್ಳುವ ಮೊದಲು ಡೆಮೊ ಕೇಳಿ. ಅವರ ಹಾಲ್‌ನಲ್ಲಿ ಅಲ್ಲ, ನಿಮ್ಮ ಅತಿ ಒದ್ದೆಯ, ಅತಿ ಕಿರಿದಾದ ಸ್ಟೋಪ್‌ನಲ್ಲಿ. ಕಚ್ಚಾ ಡೇಟಾ ಇಸ್ಕೊಂಡು ನಿಮ್ಮ ಸರ್ವೇ ಸ್ಟೇಷನ್‌ಗಳಿಗೆ ನೀವೇ ಹೊಂದಿಸಿ ನೋಡಿ. ರಿಪೇರಿ ಎಲ್ಲಿ ಆಗುತ್ತದೆ, ಅಲ್ಲಿಯವರೆಗೆ ಬದಲಿ ಯಂತ್ರ ಕೊಡುತ್ತಾರಾ ಅಂತ ಕಾಗದದ ಮೇಲೆ ಬರೆಸಿಕೊಳ್ಳಿ. ಯಂತ್ರಕ್ಕೆ ಐದಕ್ಕೆ ನಾಲ್ಕು ಸ್ಟಾರ್, ಸೇವೆಗೆ ಎರಡು. ಹಟ್ಟಿಯಲ್ಲಿ ಯಾರಾದರೂ ಅಂಥ ಡೆಮೊ ಇಟ್ಟುಕೊಂಡರೆ ನನಗೆ ತಿಳಿಸಿ, ರಜೆಗೆ ಬಂದಾಗ ನಿಮ್ಮ ಜೊತೆ ಕೂತು ಡೇಟಾ ನೋಡುತ್ತೇನೆ.