"ನ್ಯೂಟ್ರಲ್‌ಗೆ ಹಾಕಿ ಎಳೀರಿ, ಏನೂ ಆಗಲ್ಲ" ಅಂದ್ರೆ ನಂಬಬೇಡಿ

ಮೋಟರ್‌ಹೋಮ್ (ಒಳಗೇ ಮನೆ ಥರ ಇರೋ ದೊಡ್ಡ ಗಾಡಿ) ಹಿಂದೆ ಕಾರು ಕಟ್ಕೊಂಡು ಹೋಗೋ ಯೋಚನೆ ಇರೋರು ಟೋ ಬಾರ್‌ಗೆ (ಕಾರನ್ನ ಗಾಡಿಗೆ ಜೋಡಿಸೋ ಕಂಬಿಗೆ) ದುಡ್ಡು ಕೊಡೋಕೆ ಮುಂಚೆ ಇದನ್ನ ಓದಿ. ನನ್ನ ಕಾರು ಆಟೊಮ್ಯಾಟಿಕ್, ಆಲ್ ವೀಲ್ ಡ್ರೈವ್ (ಎಂಜಿನ್ ಶಕ್ತಿ ನಾಲ್ಕೂ ಚಕ್ರಕ್ಕೆ ಹೋಗುತ್ತೆ). ಬಾರ್ ಮಾರಿ, ಕೂರಿಸಿಕೊಟ್ಟವನಿಗೆ ಅದು ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ಹೇಳಿದ್ದು: "ನ್ಯೂಟ್ರಲ್‌ಗೆ ಹಾಕಿ, ಹ್ಯಾಂಡ್‌ಬ್ರೇಕ್ ಬಿಡಿ, ಅಷ್ಟೇ ಸಾರ್."

ಅಷ್ಟೇ ಅಲ್ಲ! ಸಾಮಾನ್ಯವಾಗಿ ಆಟೊಮ್ಯಾಟಿಕ್ ಗೇರ್‌ಬಾಕ್ಸ್‌ನ ಆಯಿಲ್ ಪಂಪ್ ತಿರುಗೋದೇ ಎಂಜಿನ್‌ನಿಂದ. ಎಂಜಿನ್ ಆಫ್ ಇದ್ರೆ ಪಂಪ್ ನಿಂತಿರುತ್ತೆ, ಆದ್ರೆ ಚಕ್ರ ಉರುಳ್ತಿರೋದ್ರಿಂದ ಔಟ್‌ಪುಟ್ ಶಾಫ್ಟ್ ತಿರುಗ್ತಾನೇ ಇರುತ್ತೆ. ಆಯಿಲ್ ಸಿಗದೆ ಬುಶ್, ಕ್ಲಚ್ ಪ್ಲೇಟ್ ಸುಟ್ಟುಹೋಗುತ್ತೆ. ನ್ಯೂಟ್ರಲ್ ಇದನ್ನ ತಡೆಯಲ್ಲ. ನನ್ನ ಕಾರಿನ ಗೇರ್‌ಬಾಕ್ಸೂ ಹಾಗೇ ಹೋಯ್ತು: ಬಿಚ್ಚಿದಾಗ ಕೆಂಪಗಿರಬೇಕಾದ ಆಯಿಲ್ ಕಪ್ಪಗೆ, ಸೀದ ವಾಸನೆ. ಪ್ಯಾನ್ ಒಳಗಿನ ಮ್ಯಾಗ್ನೆಟ್ ತುಂಬ ಲೋಹದ ಚೂರು.

ಓನರ್ಸ್ ಮ್ಯಾನ್ಯುಯಲ್‌ನಲ್ಲಿ ಸ್ಪಷ್ಟವಾಗಿದೆ: ನಾಲ್ಕೂ ಚಕ್ರ ನೆಲದ ಮೇಲಿಟ್ಟು ಎಳೆಯಬಾರದು. ಆ ಪುಟ ಮುಂದೆ ಹಿಡಿದಾಗ ಅವನು ಕಣ್ಣೆತ್ತಿಯೂ ನೋಡಲಿಲ್ಲ. "ಕಂಪನಿಯವ್ರು ತಪ್ಪಿಸ್ಕೊಳ್ಳೋಕೆ ಹಂಗೆಲ್ಲ ಬರೀತಾರೆ." ಆಮೇಲೆ, "ನಾನು ಮಾರಿದ್ದು ಬಾರು, ಬಾರ್‌ಗೆ ಏನಾಗಿದೆ ತೋರ್ಸಿ." ಮ್ಯಾನ್ಯುಯಲ್ ಮೀರಿ ಎಳೆದಿದ್ದಕ್ಕೆ ವಾರಂಟಿಯೂ ಇಲ್ಲ. ಇಷ್ಟಾದ ಮೇಲೂ ಹೇಳ್ತಾನೆ: "ಹಂಗಾದ್ರೆ ಡಾಲಿ ತಗೊಳ್ಳಿ, ರೇಟ್ ಕಮ್ಮಿ ಮಾಡ್ತೀನಿ." ಮೈಯೆಲ್ಲ ಉರಿದುಹೋಯ್ತು. ಡಾಲಿ ಅಂದ್ರೆ ಕಾರಿನ ಮುಂದಿನ ಚಕ್ರ ಕೂರಿಸೋ ಚಿಕ್ಕ ಟ್ರೇಲರ್, ಅದು ಎತ್ತೋದು ಎರಡೇ ಚಕ್ರ. ಆಲ್ ವೀಲ್ ಡ್ರೈವ್ ಕಾರಲ್ಲಿ ಮುಂದಿನದು ನಿಂತು ಹಿಂದಿನದು ಉರುಳಿದ್ರೆ ಎರಡನ್ನೂ ಸೇರಿಸೋ ನಡುವಿನ ಕಪ್ಲಿಂಗ್ ಕೂಡ ಹೋಗುತ್ತೆ. ಇಂಥ ಕಾರಿಗೆ ನಾಲ್ಕೂ ಚಕ್ರ ಮೇಲಿರೋ ಟ್ರೇಲರ್ರೇ ಬೇಕು. ಡಾಲಿ ಇರೋದು ಫ್ರಂಟ್ ವೀಲ್ ಡ್ರೈವ್ ಕಾರಿಗೆ.

ಹಾಗಾದ್ರೆ ನೆಲದ ಮೇಲೇ ಯಾವುದನ್ನ ಎಳೀಬಹುದು? ಮ್ಯಾನ್ಯುಯಲ್ ಗೇರ್‌ನ ಕೆಲವು ಕಾರು, ಎಲ್ಲ ಅಲ್ಲ. ಟ್ರಾನ್ಸ್‌ಫರ್ ಕೇಸ್‌ಗೇ (ಗೇರ್‌ಬಾಕ್ಸ್‌ನ ಶಕ್ತಿಯನ್ನ ಮುಂದಿನ, ಹಿಂದಿನ ಚಕ್ರಕ್ಕೆ ಹಂಚೋ ಭಾಗಕ್ಕೇ) ನ್ಯೂಟ್ರಲ್ ಇರೋ ಜೀಪ್ ರ‍್ಯಾಂಗ್ಲರ್ ಥರದವು. ಅಲ್ಲೂ ನ್ಯೂಟ್ರಲ್ ಹಾಕೋದು ಟ್ರಾನ್ಸ್‌ಫರ್ ಕೇಸ್‌ಗೆ, ಆಟೊಮ್ಯಾಟಿಕ್ ಗೇರ್ ಪಾರ್ಕ್‌ನಲ್ಲೇ ಇರಬೇಕು. ಮಾಡೆಲ್ ಹೆಸರು ನೋಡಿ ಮೋಸ ಹೋಗಬೇಡಿ, ವರ್ಷವನ್ನೂ ನೋಡಿ: ಅಮೆರಿಕದಲ್ಲಿ 2014ರ ಹೋಂಡಾ ಸಿಆರ್-ವಿ ಎಳೀಬಹುದಿತ್ತು, 2015ರಲ್ಲಿ ಸಿವಿಟಿ ಅನ್ನೋ ಬೇರೆ ಥರದ ಆಟೊಮ್ಯಾಟಿಕ್ ಗೇರ್‌ಬಾಕ್ಸ್ ಬಂತು, ಎಳೆಯೋ ಹಾಗಿಲ್ಲ. ಟೆಸ್ಲಾ ಅಂತೂ ಬೇಡವೇ ಬೇಡ, ಚಕ್ರ ತಿರುಗಿದ್ರೆ ಮೋಟರ್ರೇ ಕರೆಂಟ್ ಹುಟ್ಟಿಸಿ ಬಿಸಿಯಾಗುತ್ತೆ.

ಇನ್ನೊಂದು ಸುಳ್ಳು: "ದೊಡ್ಡ ಗಾಡಿ ಬ್ರೇಕೇ ಸಾಕು." ಸಾಲಲ್ಲ. ಇಳಿಜಾರಿನಲ್ಲಿ ಕಾರಿನ ಭಾರವೆಲ್ಲ ಹಿಂದಿನಿಂದ ತಳ್ಳುತ್ತೆ. ಕಾರಿಗೆ ಬೇರೆ ಬ್ರೇಕ್ ಸಿಸ್ಟಮ್ ಇರಲೇಬೇಕು. ಬಾರ್ ಕಳಚಿದ್ರೆ ಆ ಬ್ರೇಕ್ ತಾನೇ ಹಿಡಿಯೋ ಬ್ರೇಕ್‌ಅವೇ ಸ್ವಿಚ್, ಬಾರ್ ಕೆಳಗೆ ಅಡ್ಡಡ್ಡ ಹಾಕಿದ ಸೇಫ್ಟಿ ಚೈನ್, ಕಾರಿನ ಹಿಂದೆ ಇಂಡಿಕೇಟರ್, ಬ್ರೇಕ್ ಲೈಟ್, ಇವನ್ನ ಅವನು ಕೇಳಲೂ ಇಲ್ಲ, ಹೇಳಲೂ ಇಲ್ಲ. ಸ್ಟೀರಿಂಗ್ ಲಾಕ್ ಬಿಟ್ಟಿರಬೇಕು ಅನ್ನೋದನ್ನೂ ಹೇಳಲಿಲ್ಲ.

ರಿವರ್ಸ್ ಬಗ್ಗೆ ಅವನು ಹೇಳಿದ್ದು "ನಿಧಾನಕ್ಕೆ ತಗೊಂಡ್ರೆ ಆಗುತ್ತೆ." ಆಗಲ್ಲ. ಕಾರಿನ ಮುಂದಿನ ಚಕ್ರ ಒಂದು ಕಡೆಗೆ ಪೂರ್ತಿ ತಿರುಗಿ ಬಾರ್ ಬಾಗುತ್ತೆ. ಎಲ್ಲಾದ್ರೂ ಸಿಕ್ಕಿಹಾಕ್ಕೊಂಡ್ರೆ ಮೊದಲು ಕಾರು ಕಳಚಿ, ಆಮೇಲೆ ಗಾಡಿ ಹಿಂದಕ್ಕೆ ತೆಗೀರಿ.